ಅಮಾವಾಸ್ಯೆಯ ಮಾರನೇ ದಿನ ಹೊರಗಾದವರು

ನರ್ಸ್ ಮಲ್ಲಾಜಮ್ಮನವರನ್ನು ಬುದ್ಧಿವಂತೆ ಎಂದು ಯಾರಾದರೂ ಹೊಗಳಿದರೆ ನಾನು ತಕರಾರು ಮಾಡುವುದಿಲ್ಲ. ಆದರೆ ಒಂದು ಮಾತು ಸೇರಿಸುತ್ತೇನೆ: ಒಂದೇ ಒಂದು ವಿಷಯದಲ್ಲಿ ಅವರು ಶುದ್ಧ ಪೆದ್ದಿಯಾದರು. ಆ ಪೆದ್ದುತನಕ್ಕೆ ಭೀಮನಬೀಡು ಎಂಬ ಹಳ್ಳಿಯಲ್ಲಿ ಒಂದು ಹೆಣ್ಣಿನ ಜೀವವೇ ಹೋಗಿಬಿಡುತ್ತಿತ್ತು. ಪಕ್ಕದಲ್ಲೇ ಕೂತು ಕಾರ್ಡು ಬರೆಯುತ್ತಿದ್ದ ನನಗೂ ಅದು ಹೊಳೆಯಲಿಲ್ಲ. ನಾನು ಬಿ.ಎ. ಓದಿದ್ದು ದಂಡ.

ಇದು ತೊಂಬತ್ತೈದನೇ ಇಸವಿಯ ಮಾತು. ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಮೈಸೂರಿನ ಒಂದು ಟ್ರಸ್ಟಿನವರು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹಿಂದೆ ಎರಡು ಕೋಣೆ ಬಾಡಿಗೆಗೆ ಹಿಡಿದು, ಹೆಂಗಸರಿಗೆ ಮಕ್ಕಳಾಗದಂತೆ ತಡೆಯುವ ಇಂಜೆಕ್ಷನ್ ಕೊಡುವ ಕೆಲಸ ಶುರುಮಾಡಿದ್ದರು. ಒಮ್ಮೆ ಹಾಕಿಸಿಕೊಂಡರೆ ಮೂರು ತಿಂಗಳು ಚಿಂತೆಯಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಸಿಗುತ್ತಿರಲಿಲ್ಲ. ವಾರಕ್ಕೊಮ್ಮೆ ಮೈಸೂರಿನಿಂದ ಡಾಕ್ಟರಮ್ಮ ಬಂದು ಹೊಸಬರನ್ನು ಪರೀಕ್ಷೆ ಮಾಡಿ ಹೋಗುತ್ತಿದ್ದರು. ಉಳಿದ ದಿನವೆಲ್ಲ ಮಲ್ಲಾಜಮ್ಮನವರದೇ ಯಜಮಾನಿಕೆ. ಕಾರ್ಡು ಬರೆಯುವುದಕ್ಕೆ, ಸ್ಟಾಕು ಎಣಿಸುವುದಕ್ಕೆ, ಬೈಸಿಕೊಳ್ಳುವುದಕ್ಕೆ ಬೃಂದಾ ಎಂಬ ನಾನು. ಮಲ್ಲಾಜಮ್ಮನವರೂ ನಾನೂ ಚಾಮರಾಜನಗರದಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ವಾಪಸಾಗುತ್ತಿದ್ದೆವು.

ಅವರು ಸಂತೆಮರಹಳ್ಳಿ ಕಡೆಯವರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ನರ್ಸ್ ಟ್ರೈನಿಂಗ್ ಮುಗಿಸಿ, ಇಪ್ಪತ್ತೆರಡು ವರ್ಷ ಸರ್ಕಾರಿ ಕೆಲಸದಲ್ಲಿದ್ದವರು. ವರ್ಷಕ್ಕೆ ಇಷ್ಟು ಸಂತಾನಹರಣ ಆಪರೇಷನ್ ಕೇಸು ಹಿಡಿದು ತರಲೇಬೇಕು ಎಂಬ ಗುರಿ ಇದ್ದ ಕಾಲ ಅದು. ಮನೆಮನೆ ತಿರುಗಿ ಪಟ್ಟಿ ಬರೆಯುವುದು ಇವರ ಕೆಲಸ. ಪಟ್ಟಿ ಹಿಡಿದ ಜೀಪು ಊರಿಗೆ ಬಂದರೆ ಹೆಂಗಸರು ಜೋಳದ ಹೊಲಕ್ಕೆ ಓಡುತ್ತಿದ್ದರಂತೆ. ಒಂದು ಸಲ, ತನಗೆ ಬೇಡವೇ ಬೇಡ ಎಂದು ಅಳುತ್ತಿದ್ದ ಒಬ್ಬಳನ್ನು ಮನೆಯವರೇ ಜೀಪು ಹತ್ತಿಸಿದರು. ಕ್ಯಾಂಪು ಮುಗಿಸಿ ಬಂದ ಆಕೆ ಇವರ ಕಾಲ ಮುಂದೆ ಉಗಿದು ಹೋದಳು. ಆವತ್ತೇ ಇವರ ಮನಸ್ಸು ಆ ನೌಕರಿಯಿಂದ ಎದ್ದುಹೋಯಿತು.

"ಪಟ್ಟಿ ಬರ್ದ ಕೈ ಕಣಮ್ಮಿ ಇದು, ತೊಳುದ್ರೆ ಓಯ್ತದಾ?" ಎಂದು ನನಗೆ ತಮ್ಮ ಬಲಗೈ ತೋರಿಸಿ ಹೇಳಿದ್ದರು.

ಹಾಗಾಗಿ ನಮ್ಮ ಕಾರ್ಡುಗಳಲ್ಲಿ ಯಾರ ಹೆಸರೂ ಇರಲಿಲ್ಲ. ಬರುವವರಲ್ಲಿ ಮುಕ್ಕಾಲು ಪಾಲು ಸಂತೆ ನೆಪದಲ್ಲಿ ಕದ್ದು ಬರುವವರು. ಕಾರ್ಡು ಮನೆಗೆ ಒಯ್ಯುವ ಹಾಗಿಲ್ಲ, ನಮ್ಮಲ್ಲೇ ಇರಬೇಕು. ಒಬ್ಬೊಬ್ಬರಿಗೆ ಒಂದೊಂದು ಬೆಳೆಯ ಹೆಸರು ಇಟ್ಟಿದ್ದೆವು: ನವಣೆ, ಹುರುಳಿ, ಹುಚ್ಚೆಳ್ಳು, ಅವರೆ. ಯಾವ ಬೆಳೆ ಯಾರು ಎಂಬುದು ಮಲ್ಲಾಜಮ್ಮನವರ ತಲೆಯಲ್ಲಿ ಮತ್ತು ನನ್ನ ತಲೆಯಲ್ಲಿ, ಮೂರನೆಯವರಿಗೆ ಗೊತ್ತಿಲ್ಲ. ಒಬ್ಬೊಬ್ಬರನ್ನೂ, ಪ್ರತಿ ಸಲವೂ, ಬಿ.ಪಿ. ನೋಡಿ, ಸೂಜಿ ಕೈಗೆತ್ತಿಕೊಳ್ಳುವ ಮುಂಚೆ "ನಿಂಗೆ ಒಪ್ಗೇನಾ?" ಎಂದು ಕೇಳುತ್ತಿದ್ದರು. ತಲೆಯಾಡಿಸಿದರೆ ಸಾಲದು, ಬಾಯಿಬಿಟ್ಟು ಹೇಳಬೇಕು.

ಇಂಜೆಕ್ಷನ್ನಿನ ತೊಂದರೆಗಳನ್ನೂ ಮುಚ್ಚಿಡುತ್ತಿರಲಿಲ್ಲ. "ಮುಟ್ಟು ನಿಂತೋಗ್ಬೋದು, ಇಲ್ಲಾ ಚೂರ್‌ಚೂರೇ ಕಾಣ್ತಾ ಇರ್ಬೋದು. ಅದು ಬಸ್ರಲ್ಲ, ಎದ್ರಬ್ಯಾಡಿ. ನಿಲ್ಸುದ್ ಮ್ಯಾಲೆ ತಿರ್ಗಾ ಬತ್ತದೆ, ಒಸಿ ತಡ ಆಯ್ತದೆ."

ಅಲ್ಲೇ ಬಂದದ್ದು ಫಜೀತಿ. ಭೀಮನಬೀಡಿನ ಎಷ್ಟೋ ಮನೆಗಳಲ್ಲಿ ಮುಟ್ಟಾದವರು ಮೂರು ದಿನ ಹೊರಗೆ ಕೂರಬೇಕು. ಕೊಟ್ಟಿಗೆ ಪಕ್ಕದ ಸೂರಿನಲ್ಲಿ ಊಟ, ಅಲ್ಲೇ ನಿದ್ದೆ. ಅವರನ್ನು ಯಾರೂ ಮುಟ್ಟುವಂತಿಲ್ಲ. ಬಟ್ಟೆ ಒಗೆಯುವುದಕ್ಕೂ ಕೆರೆ ಕೋಡಿಯ ಹತ್ತಿರ ಬೇರೆ ಕಲ್ಲು. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಒಂದು ತಿಂಗಳು ಹೊರಗೆ ಕೂರಲಿಲ್ಲವೆಂದರೆ ಬಸುರಿ ಎಂದು ಇಡೀ ಬೀದಿಗೆ ಗೊತ್ತಾಗುತ್ತದೆ. ಬಸುರೂ ಅಲ್ಲ, ಹೊರಗೂ ಕೂರುವುದಿಲ್ಲ ಎಂದರೆ?

"ನಿಂತೋದ್ರೆ ನಮ್ಮತ್ತೆ ಸುಮ್ನಿದ್ದಳಾ ನರ್ಸಮ್ಮ? ಅವ್ಳು ನನ್ ದಿನವ ನನಗಿಂತ ಸಂದಾಗಿ ಲೆಕ್ಕ ಇಕ್ಕವ್ಳೆ" ಎಂದಳು ಒಬ್ಬಳು.

"ಹಂಗಾರೆ ಕೂತ್ಕ. ಬಂದ್ರೂ ಕೂತ್ಕ, ಬರ್ದಿದ್ರೂ ಕೂತ್ಕ."

"ಯಾವತ್ತು ಅಂತ ಕೂತ್ಕಳ್ಲಿ?"

"ಅಮಾಸೆ ಮಾರ್ನೆ ದಿನ. ಅದಾದ್ರೆ ಮರೆಯಾಕಿಲ್ಲ."

ಎಷ್ಟು ಸುಲಭದ ಉಪಾಯ! ಮುಂದೆ ಬಂದವಳಿಗೂ ಅದನ್ನೇ ಹೇಳಿದರು, ಅವಳ ಹಿಂದಿನವಳಿಗೂ ಅದನ್ನೇ. ಹೊರಗೆ ಕೂತವರಿಗೆ ಮೂರು ದಿನ ಕಸಮುಸುರೆ ಇಲ್ಲ, ಹೊಲದ ಕೆಲಸ ಇಲ್ಲ. "ನಿಮ್ ಸೂಜಿಗಿಂತ ಆ ಮೂರ್ ದಿನವೇ ಸುಖ" ಎಂದು ಒಬ್ಬಳು ನಗಾಡಿದ್ದಳು. ನಾವೂ ನಕ್ಕೆವು. ಒಂದೇ ಊರಿನ ಹನ್ನೊಂದು ಜನಕ್ಕೆ ಒಂದೇ ದಿನ ಕೊಟ್ಟಿದ್ದೇವೆ ಎಂದು ಇಬ್ಬರಲ್ಲಿ ಒಬ್ಬರಿಗೂ ತೋಚಲಿಲ್ಲ.

ಆ ಹನ್ನೊಂದರಲ್ಲಿ ನವಣೆ ಎಂಬ ಕಾರ್ಡು ಶಿವರಂಜಿನಿಯದು. ವಯಸ್ಸು ಇಪ್ಪತ್ನಾಲ್ಕು, ಮೂರು ಹೆಣ್ಣುಮಕ್ಕಳು. ಮೂರನೇ ಹೆರಿಗೆಯಲ್ಲಿ ರಕ್ತ ನಿಲ್ಲದೆ, ಬಾಡಿಗೆ ಜೀಪಿನಲ್ಲಿ ಮೈಸೂರಿಗೆ ಸಾಗಿಸುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಇನ್ನೊಂದು ಬಸುರಾದರೆ ಇವಳು ಉಳಿಯುವುದಿಲ್ಲ ಎಂದು ಅಲ್ಲಿನ ಡಾಕ್ಟರು ಮನೆಯವರೆದುರೇ ಹೇಳಿದ್ದರು. ಗಂಡ ಚಂದ್ರಕುಮಾರ್ ಬಸ್ ಕಂಡಕ್ಟರ್, ವಾರಕ್ಕೊಮ್ಮೆ ಊರಿಗೆ ಬರುವವನು. ಡಾಕ್ಟರು ಹಾಗೇ ಹೆದರಿಸುತ್ತಾರೆ, ಗಂಡು ಮಗು ಆಗದೆ ಆಪರೇಷನ್‌ಗೆ ಸೈನ್ ಹಾಕುವುದಿಲ್ಲ ಎಂದು ಕೂತಿದ್ದ. ಅತ್ತೆ ಮಂಗಮ್ಮ ಆ ಬೀದಿಗೇ ಹುಲಿ. ಆಕೆ ಕೆಮ್ಮಿದರೆ ಪಕ್ಕದ ಮನೆಯ ಸೊಸೆಯರೂ ಎದ್ದು ನಿಲ್ಲುತ್ತಿದ್ದರು. ಅವಳ ಕಣ್ಣಿಗೆ ಮಣ್ಣೆರಚಿಯೇ ಶಿವರಂಜಿನಿ ನಮ್ಮಲ್ಲಿಗೆ ಬರುತ್ತಿದ್ದಳು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಕೆರೆ ಕೋಡಿಯ ಆ ಕಲ್ಲಿನ ಹತ್ತಿರ, ಅಮಾವಾಸ್ಯೆಯ ಮಾರನೇ ದಿನ, ಹನ್ನೊಂದು ಹೆಂಗಸರು ಸಾಲಾಗಿ ನಿಂತು ಸರದಿಗೆ ಕಾಯುತ್ತಿದ್ದದ್ದನ್ನು ಊರ ಯಜಮಾನ ದೊಡ್ಡಯ್ಯನವರು ಹೊಲಕ್ಕೆ ಹೋಗುತ್ತಾ ನೋಡಿದರು. ಮುಂದಿನ ತಿಂಗಳು ಬೇಕೆಂದೇ ಅದೇ ದಾರಿಯಲ್ಲಿ ಹೋದರು. ಆಗಲೂ ಅದೇ ಹನ್ನೊಂದು ಜನ. ಊರಲ್ಲಿ ಗುಸುಗುಸು ಶುರುವಾಯಿತು. ಸಂತೆಗೆ ಹೋದ ಸೊಸೆಯರು ಎಲ್ಲಿ ತಿರುಗುತ್ತಾರೆ ಎಂಬ ಪ್ರಶ್ನೆ ಎದ್ದು, ಅನುಮಾನ ನಮ್ಮ ಕೋಣೆಗಳ ಮೇಲೆ ಬಿತ್ತು. ಮನೆಮನೆಯಲ್ಲೂ ಹೆಂಗಸರನ್ನು ಸಂತೆಗೆ ಕಳಿಸುವುದು ನಿಲ್ಲಿಸಿದರು.

ನಮಗೆ ಆಗ ಇದ್ಯಾವುದೂ ಗೊತ್ತಿರಲಿಲ್ಲ. ಸಂತೆ ದಿನ ಶಿವರಂಜಿನಿ ಬರಲಿಲ್ಲ. ಅವಳಿಗೆ ಇಂಜೆಕ್ಷನ್ ಬೀಳಬೇಕಾದ ದಿನ ಅದು. ಮುಂದಿನ ಸಂತೆಗೂ ಬರಲಿಲ್ಲ. ಎರಡು ವಾರದವರೆಗೆ ತಡವಾದರೆ ನಡೆಯುತ್ತದೆ, ಅದರ ಮೇಲೆ ಒಂದು ದಿನವೂ ನಂಬುವಂತಿಲ್ಲ ಎಂಬುದು ಡಾಕ್ಟರಮ್ಮ ಹಾಕಿಕೊಟ್ಟ ನಿಯಮ. ಮಲ್ಲಾಜಮ್ಮನವರು ದಿನಕ್ಕೆ ನಾಲ್ಕು ಸಲ ನವಣೆ ಕಾರ್ಡು ತೆಗೆದು ನೋಡುವರು, ಇಡುವರು.

ಹದಿಮೂರನೇ ದಿನ ಮಧ್ಯಾಹ್ನ ಭೀಮನಬೀಡಿನ ಟೀ ಅಂಗಡಿಯ ಮೂಗಯ್ಯ ಒಳಗೆ ಬಂದು, ಬಾಗಿಲು ಎಳೆದು ನಿಂತ.

"ನರ್ಸಮ್ಮ, ನಿಮ್ ಮ್ಯಾಲೆ ನ್ಯಾಯ ಇಕ್ಕವ್ರೆ. ನಾಳೆ ಒತ್ತಾರೆ, ಮಾರಮ್ಮನ್ ಗುಡಿ ತಾವ. ನೀವ್ ಬರ್ದೆ ಓದ್ರೆ ಅವ್ರೇ ಇಲ್ಲಿಗ್ ಬತ್ತಾರಂತೆ."

"ಏನಂತೆ ನ್ಯಾಯ?"

"ಅನ್ನೊಂದ್ ಎಣ್ಣು ಮೂರ್ ತಿಂಗ್ಳಿಂದ ಒಂದೇ ದಿನ ಒರಗಾಯ್ತಾವೆ. ಇವತ್ತೂವೆ ಆಗವೆ. ನೆನ್ನೆ ಅಮಾಸೆ ಅಲ್ವಾ?"

ಮಲ್ಲಾಜಮ್ಮನವರು ಹಣೆ ಚಚ್ಚಿಕೊಂಡರು. ಅವರ ಮುಖ ಬಿಳಿಚಿಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು. ಮೂಗಯ್ಯ ಹೋದ ಮೇಲೆ ನವಣೆ ಕಾರ್ಡು ತೆಗೆದು ಮತ್ತೆ ದಿನ ಎಣಿಸಿದರು. ಕೊನೆಗೆ, "ನಾಳಿಗೆ ಅದಿನಾಕ್ನೇ ದಿನ ಕಣಮ್ಮಿ. ನ್ಯಾಯ ಏನಾದ್ರೂ ಆಗ್ಲಿ, ಆ ಉಡ್ಗಿಗೆ ಸೂಜಿ ಬೀಳ್ಬೇಕು" ಎಂದರು.

ಬೆಳಿಗ್ಗೆ ಒಂದು ಬಾಟಲಿ, ಒಂದು ಸಿರಿಂಜು, ಒಂದಿಷ್ಟು ಹತ್ತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಮ್ಮ ಊಟದ ಡಬ್ಬಿಯ ತಳದಲ್ಲಿಟ್ಟು, ಮೇಲಿನ ತಟ್ಟೆಯಲ್ಲಿ ಅನ್ನ, ಹುರುಳಿಕಾಳಿನ ಪಲ್ಯ ತುಂಬಿದರು. ಕಾರ್ಡಿನ ತಗಡಿನ ಪೆಟ್ಟಿಗೆಯನ್ನು ರಾಜಾರೋಷವಾಗಿ ನನ್ನ ಕೈಗೆ ಕೊಟ್ಟರು. ಇದನ್ಯಾಕೆ ತರೋದು ಅಮ್ಮ ಎಂದರೆ, "ಕೇಳೋಕ್ ಮುಂಚೇನೆ ಕೊಟ್ರೆ ಇನ್ನೊಂದ ಉಡ್ಕೋದಿಲ್ಲ" ಎಂದರು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನಿಜ ಹೇಳಬೇಕೆಂದರೆ ನನಗೆ ಶಿವರಂಜಿನಿಯ ಚಿಂತೆಗಿಂತ ನನ್ನ ಚಿಂತೆಯೇ ಜಾಸ್ತಿಯಿತ್ತು.

ಗುಡಿಯ ಮುಂದೆ ಆಗಲೇ ಜನ ಸೇರಿದ್ದರು. ಗಂಡಸರು ಜಗಲಿ ಮೇಲೆ, ವಯಸ್ಸಾದ ಹೆಂಗಸರು ಬೇವಿನ ಮರದ ಕೆಳಗೆ. ಆ ಹನ್ನೊಂದು ಜನ ಇರಲಿಲ್ಲ. ದೊಡ್ಡಯ್ಯನವರು ಕೆಟ್ಟ ಮನುಷ್ಯರಲ್ಲ. ನಮಗೆ ಕುಡಿಯಲು ನೀರು ತರಿಸಿದರು. ನೀರು ಕುಡಿದಾದ ಮೇಲೆ ಕೇಳಿದರು.

"ನರ್ಸಮ್ಮ, ನಮ್ಮೂರ್ ಎಣ್ಮಕ್ಳಿಗೆ ಕದ್ದು ಏನೋ ಚುಚ್ತಿದ್ದೀರಂತೆ. ಅದ್ಕೆ ಮುಟ್ಟು ನಿಂತು ಸುಳ್ಳೇ ಒರ್ಗೆ ಕೂತ್ಕತಾವಂತೆ. ಯಾರ್ಯಾರ್ಗೆ? ಎಸ್ರು ಏಳಿ, ಸಾಕು. ನಿಮ್ಮ ಗೌರವ್ವಾಗಿ ಬಸ್ ಅತ್ತಿಸ್ತೀವಿ."

"ನನ್ ತಾವ ಯಾರೇ ಬಂದ್ರೂ ಅವ್ರಾಗ್ ಅವ್ರೇ ಬತ್ತಾರೆ, ಯಜಮಾನ್ರೆ. ಎಸ್ರು ಏಳಕಿಲ್ಲ."

"ಏಳ್ಲೇಬೇಕು ಕಣಮ್ಮ. ಊರ್ ಮಾನದ್ ಮಾತು."

"ಬೇಕಾದ್ರೆ ನನ್ನ ಬಯ್ರಿ. ಪೊಲೀಸ್ರಿಗೆ ಕೊಡಿ. ಎಸ್ರು ಬರೆಯೋದ ಬುಟ್ಟು ಎಷ್ಟೋ ವರ್ಷ ಆಯ್ತು."

ಒಬ್ಬ ನನ್ನ ಕೈಯಿಂದ ಪೆಟ್ಟಿಗೆ ಕಿತ್ತು ಕಾರ್ಡುಗಳನ್ನು ಜಗಲಿಯ ಮೇಲೆ ಸುರಿದ. ಇನ್ನೊಬ್ಬ ಚೀಲ ಜಾಲಾಡಿ ಬಿ.ಪಿ. ಮಿಷನ್ ಹೊರಗೆಳೆದ. ಊಟದ ಡಬ್ಬಿಯನ್ನೂ ಎತ್ತಿದ. "ಬುತ್ತಿ ಕಣಪ್ಪ. ಬಿಚ್ಚಿ ಕೊಡ್ಲಾ, ಉಂಡಿಯಾ?" ಎಂದರು ಮಲ್ಲಾಜಮ್ಮನವರು. ಯಾರೋ ನಕ್ಕರು. ಅವನು ನಾಚಿ ಕೆಳಗಿಟ್ಟ. 

ದೊಡ್ಡಯ್ಯನವರು ಕನ್ನಡಕ ಹಾಕಿಕೊಂಡು ಒಂದು ಕಾರ್ಡು ಎತ್ತಿ ಓದಿದರು. "ಹುಚ್ಚೆಳ್ಳು. ಭೀಮನಬೀಡು. ಮಕ್ಳು ಎರಡು. ಏನಮ್ಮ ಇದು, ಗೊಬ್ಬರದ ಅಂಗಡಿ ಲೆಕ್ಕನಾ? ಯಾರಿದು ಹುಚ್ಚೆಳ್ಳು?"

ಮಲ್ಲಾಜಮ್ಮನವರು ಅಡ್ಡಡ್ಡ ತಲೆಯಾಡಿಸಿದರು. ದೊಡ್ಡಯ್ಯನವರು ನನ್ನ ಕಡೆ ತಿರುಗಿದರು. "ಓದ್ದೋಳು ನೀನು. ನೀ ಏಳವ್ವ. ನಿನ್ ಮ್ಯಾಲೆ ನಮ್ದೇನಿಲ್ಲ. ಒಂದೇ ಒಂದ್ ಎಸ್ರು ಏಳ್ಬುಡು, ಓಗು."

ಹುಚ್ಚೆಳ್ಳು ಅವರದೇ ಸೊಸೆ ಕುಮಾರಿ. ಅದು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿಬಿಟ್ಟರೆ ಈ ಮನುಷ್ಯನ ಬಾಯಿ ಮುಚ್ಚುತ್ತದೆ, ನ್ಯಾಯ ಇಲ್ಲಿಗೇ ಮುಗಿಯುತ್ತದೆ, ನಾನು ಮನೆಗೆ ಹೋಗಬಹುದು ಎಂಬ ಆಸೆ ಬಂತು. ಬಾಯಿ ತೆರೆದೂ ತೆರೆದೆ. ಮಲ್ಲಾಜಮ್ಮನವರ ಕಾಲು ನನ್ನ ಕಾಲ ಮೇಲೆ ಬಲವಾಗಿ ಬಿತ್ತು. "ನಂಗೊತ್ತಿಲ್ಲ, ಯಜಮಾನ್ರೆ" ಎಂದೆ. ನಾಚಿಕೆಯಿಂದಲೋ ಹೆದರಿಕೆಯಿಂದಲೋ ಅಳು ಬಂತು.

"ಸರಿ ಬುಡಿ. ಆ ಅನ್ನೊಂದ್ ಜನಾನೂ ಬಂದು ಮಾರಮ್ಮನ್ ಮುಂದೆ ಉರಿಯೋ ಕರ್ಪೂರವ ಕೈಲಿ ಆರ್ಸಿ ಆಣೆ ಮಾಡಿ ಏಳ್ಲಿ, ನಿಜವಾಗ್ಲೂ ಒರಗಾಗಿವ್ನಿ ಅಂತ" ಎಂದರು ದೊಡ್ಡಯ್ಯನವರು.

ಬೇವಿನ ಮರದ ಕಡೆಯಿಂದ ಒಬ್ಬ ಮುದುಕಿ, "ಒರಗಾದೋರು ಗುಡಿ ತಾವ ಎಂಗ್ ಬಂದಾರು ಬುದ್ಧೀ?" ಎಂದಳು. ಎಲ್ಲರೂ ಮುಖ ಮುಖ ನೋಡಿಕೊಂಡರು. ನನಗೆ ಅಷ್ಟು ಭಯದಲ್ಲೂ ನಗು ಬಂತು. ಮಲ್ಲಾಜಮ್ಮನವರ ಪೆದ್ದು ಉಪಾಯವೇ ಆ ಹೆಂಗಸರನ್ನು ಕಾಯುತ್ತಿತ್ತು.

ಆದರೆ ದೊಡ್ಡಯ್ಯನವರು ಅಷ್ಟಕ್ಕೆ ಬಿಡುವವರಲ್ಲ. "ಹಂಗಾರೆ ಅತ್ತೇರು ಆರ್ಸ್ಲಿ. ಸೊಸೆ ದಿನ ಅತ್ತೇಗ್ ಗೊತ್ತಿಲ್ದೆ ಇದ್ದದಾ? ಮಂಗವ್ವ, ನೀನೇ ಮೊದ್ಲು ಬಾ."

ನನ್ನ ನಗು ಅಲ್ಲೇ ಸತ್ತಿತು. ಮಲ್ಲಾಜಮ್ಮನವರು ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡರು. ಶಿವರಂಜಿನಿಯ ಕಥೆ ಮುಗಿಯಿತು ಎಂದುಕೊಂಡೆ. ಹುಲಿಯಂಥ ಆ ಹೆಂಗಸು ನಿಜ ಹೇಳುತ್ತಾಳೆ, ಸೊಸೆಯನ್ನು ಮನೆಯಲ್ಲಿ ಕೂಡಿಹಾಕುತ್ತಾರೆ, ಚಂದ್ರಕುಮಾರ್ ಶನಿವಾರ ಊರಿಗೆ ಬರುತ್ತಾನೆ. ಮುಂದಿನದು ಡಾಕ್ಟರು ಹೇಳಿದ ಹಾಗೆ ಆಗುತ್ತದೆ.

ಮಂಗಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. ಗುಡಿ ಮುಂದಿನ ಕಲ್ಲಿನ ಮೇಲೆ ಕರ್ಪೂರ ಹಚ್ಚಿದರು. ಅದು ಚೆನ್ನಾಗಿ ಉರಿ ಹಿಡಿಯುವ ತನಕ ಆಕೆ ಅದನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಬಲಗೈಯನ್ನು ಅದರ ಮೇಲೆ ಒತ್ತಿ ಹಿಡಿದಳು.

"ನನ್ ಸೊಸೆ ಒರಗವ್ಳೆ. ನೆನ್ನೆಯಿಂದ. ಬಟ್ಟೆ ನಾನೇ ಕಂಡಿವ್ನಿ. ಸುಳ್ಳಾದ್ರೆ ನನ್ ಬಾಯಿ ಬಿದ್ದೋಗ್ಲಿ."

 ಆಕೆ ಕೈ ತೆಗೆದಾಗ ಕರ್ಪೂರ ಆರಿತ್ತು. ಎರಡನೆಯವಳಾಗಿ ಎದ್ದು ಬಂದದ್ದು ದೊಡ್ಡಯ್ಯನವರ ಹೆಂಡತಿ. ಗಂಡನ ಮುಖ ನೋಡದೆ ಅದೇ ಮಾತು ಹೇಳಿ ಕರ್ಪೂರ ಆರಿಸಿದಳು. ಆಮೇಲೆ ಒಬ್ಬರ ಹಿಂದೆ ಒಬ್ಬರು ಒಂಬತ್ತು ಜನ. ಗೊತ್ತಿದ್ದು ಹೇಳಿದರೋ, ಮಂಗಮ್ಮನೇ ಹೇಳಿದ ಮೇಲೆ ತಮ್ಮ ಮನೆಯ ಮಾನ ಯಾಕೆ ಕಳೆಯಬೇಕು ಎಂದು ಹೇಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ದೊಡ್ಡಯ್ಯನವರ ಕೈಯಲ್ಲಿ ಹುಚ್ಚೆಳ್ಳಿನ ಕಾರ್ಡು ಹಾಗೇ ಇತ್ತು. ಅದನ್ನು ಪೆಟ್ಟಿಗೆಗೆ ಹಾಕಿ, "ಆಯ್ತು ಓಗಿ. ನಾವೂ ನೋಡ್ತಿರ್ತೀವಿ" ಎಂದರು.

ನಾವು ಕಾರ್ಡು ಆರಿಸಿಕೊಂಡು ಎದ್ದೆವು. ಬದುಕಿದೆವು ಎಂದು ನನಗನ್ನಿಸಿತು. ಮಲ್ಲಾಜಮ್ಮನವರ ಹೆಜ್ಜೆ ಮಾತ್ರ ಭಾರವಾಗಿತ್ತು. ಡಬ್ಬಿ ಇನ್ನೂ ಕೈಯಲ್ಲೇ ಇತ್ತು. ಅಂಥಾ ಆಣೆ ಇಟ್ಟ ಅತ್ತೆಯ ಮನೆಗೆ ಯಾವ ಮುಖ ಹೊತ್ತು, ಯಾವ ನೆಪ ಹೇಳಿ ಹೋಗುವುದು?

ಬೀದಿಯ ತಿರುವಿನಲ್ಲಿ ಹಿಂದಿನಿಂದ ಗಡಸು ದನಿ ಬಂತು. "ನರ್ಸಮ್ಮ! ನಮ್ಮೂರ್ಗ್ ಬಂದು ಅಸ್ಕಂಡು ಓಯ್ತೀಯಾ? ನಮ್ ಇತ್ಲಲ್ಲಿ ನೆಳ್ಳದೆ. ಬುತ್ತಿ ಉಂಡು ಓಗು."

ಮಂಗಮ್ಮ. ಎಲ್ಲರಿಗೂ ಕೇಳುವಂತೆ ಕೂಗಿ, ತಿರುಗಿ ನೋಡದೆ ಮುಂದೆ ನಡೆದಳು. ಹಿತ್ತಲ ಬಾಗಿಲು ದಾಟಿ ಕೊಟ್ಟಿಗೆ ಪಕ್ಕದ ಸೂರಿನ ಹತ್ತಿರ ನಿಂತಳು. ಒಳಗೆ ಚಾಪೆಯ ಮೇಲೆ ಶಿವರಂಜಿನಿ ಮುದುರಿ ಕೂತಿದ್ದಳು. ನಮ್ಮನ್ನು ನೋಡಿ ಗೋಡೆಗೆ ಒತ್ತಿಕೊಂಡಳು.

"ಸೂಜಿ ತಂದಿದ್ದೀಯಾ, ಇಲ್ವಾ?" ಎಂದಳು ಮಂಗಮ್ಮ.

ಮಲ್ಲಾಜಮ್ಮನವರು ಆಕೆಯನ್ನೇ ನೋಡಿದರು.

"ಏನ್ ನೋಡೀಯೆ? ಬಟ್ಟೆ ಒಗ್ದ ನೀರು ತಿಳಿಯಾಗೇ ಇತ್ತು, ಐದ್ ತಿಂಗ್ಳಿಂದ. ಕಣ್ ಕಾಣಾಕಿಲ್ವಾ ನಂಗೆ?"

ಮಲ್ಲಾಜಮ್ಮನವರು ಕೂತು ಡಬ್ಬಿ ಬಿಚ್ಚಿದರು. ಬಿ.ಪಿ. ನೋಡಿದರು. ಬಾಟಲಿ ಕುಲುಕಿದರು. ಇಲ್ಲೂ ಕ್ರಮ ಬಿಡಲಿಲ್ಲ. "ಶಿವರಂಜಿನಿ, ನಿಂಗೆ ಒಪ್ಗೇನಾ?"

ಅವಳು ಅತ್ತೆಯ ಮುಖ ನೋಡಿದಳು.

"ನನ್ ಮುಖ ಯಾಕ್ ನೋಡೀಯೆ? ಕೇಳ್ತಿರೋದು ನಿನ್ನ" ಎಂದಳು ಮಂಗಮ್ಮ.

"ಒಪ್ಗೆ" ಎಂದಳು ಶಿವರಂಜಿನಿ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣಗೆ.

ಮಂಗಮ್ಮ ಸೂರಿನೊಳಗೆ ಬಗ್ಗಿ ಬಂದು ಸೊಸೆಯ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು. ಶಿವರಂಜಿನಿ ಬೆಚ್ಚಿ ಕೈ ಎಳೆದುಕೊಳ್ಳಲು ನೋಡಿದಳು. "ಅತ್ತೇ, ಮುಟ್ಬ್ಯಾಡಿ, ಒರಗಿವ್ನಿ!" ಅಭ್ಯಾಸಬಲ, ಪಾಪ.

"ಸುಮ್ಕಿರಮ್ಮಿ. ಅವತ್ತು ಜೀಪಲ್ಲಿ ನಿನ್ ರಕ್ತದಲ್ಲಿ ನೆಂದೋಳು ನಾನು. ಈಗ ಮುಟ್ಟುದ್ರೆ ಏನಾದದು?"

ಸೂಜಿ ಇಳಿಯಿತು. ಶಿವರಂಜಿನಿ ಕಣ್ಣು ಮುಚ್ಚಿ ಅತ್ತೆಯ ಕೈಯನ್ನು ಅದುಮಿದಳು. ಆ ಅಂಗೈಯಲ್ಲಿ ಕರ್ಪೂರದ ಬೊಕ್ಕೆ ಎದ್ದಿತ್ತು. ಮಂಗಮ್ಮ ಹಲ್ಲು ಕಚ್ಚಿದಳೇ ಹೊರತು ಕೈ ಬಿಡಲಿಲ್ಲ.

ಆಮೇಲೆ ಮಲ್ಲಾಜಮ್ಮನವರಿಗೆ ಸರಿಯಾಗಿ ಮಂಗಳಾರತಿಯಾಯಿತು. "ಅನ್ನೊಂದ್ ಎಣ್ಣು ಒಂದೇ ದಿನ ಒರಗಾದಾವಾ? ಮೂರ್ ಮಕ್ಳ ಎತ್ತೋಳಿಗಿರೋ ಬುದ್ಧಿ ನಿಂಗ್ ಬ್ಯಾಡ್ವಾ? ಇನ್ಮ್ಯಾಲೆ ಯಾರ್ ಯಾವತ್ತು ಕೂರ್ಬೇಕು ಅಂತ ನಾನ್ ಏಳ್ತೀನಿ." ಹೇಳಿದಳು ಕೂಡ. ಮುಂದಿನ ನಾಲ್ಕು ವರ್ಷ ಭೀಮನಬೀಡಿನ ತಿಥಿವಾರವೆಲ್ಲ ಆಕೆಯ ಕೈಯಲ್ಲೇ ಇತ್ತು. ಆಮೇಲೆ ಚಂದ್ರಕುಮಾರ್ ಹೇಗೋ ಸೈನ್ ಹಾಕಿದ, ಶಿವರಂಜಿನಿಗೆ ಆಪರೇಷನ್ ಆಯಿತು. ಯಾರು ಹಾಕಿಸಿದರು ಎಂದು ಬೇರೆ ಹೇಳಬೇಕೇ?

ಆವತ್ತು ನಾವು ಹೊರಡುವಾಗ ಮಂಗಮ್ಮ ಸೊಂಟದ ಸಂಚಿಯಿಂದ ಒಂದು ರೂಪಾಯಿ ತೆಗೆದು ಮಲ್ಲಾಜಮ್ಮನವರ ಕೈಗಿಟ್ಟಳು. ಗಟ್ಟಿ ದನಿಯೆಲ್ಲ ಇಳಿದುಹೋಗಿತ್ತು.

"ಓಗ್ತಾ ಗುಡಿ ಉಂಡಿಗ್ ಆಕ್ಬುಡು ನರ್ಸಮ್ಮ. ತಪ್ಪುಕಾಣ್ಕೆ. ನಾನೇ ಆಕುದ್ರೆ ಯಾಕೆ ಅಂತ ಕೇಳ್ತಾರೆ."

ಗುಡಿಯ ಮುಂದೆ ಜನ ಚದುರಿದ್ದರು. ಮಲ್ಲಾಜಮ್ಮನವರು ಆ ರೂಪಾಯಿಯನ್ನು ಹುಂಡಿಗೆ ಹಾಕಿದರು, ತಮ್ಮದೊಂದು ತೆಗೆದು ಹಾಕಿದರು. ಹೆಸರು ಹೇಳಲು ಬಾಯಿ ತೆರೆದಿದ್ದೆನಲ್ಲ, ನಾನೂ ಒಂದು ಹಾಕಿದೆ.